ಗೃಹವೈದ್ಯ: ಹುಲ್ಲುನುಸಿಯ ಕಡಿತವೂ ಅದರ ಉಪಚಾರವೂ

ಶರೀರಕ್ಕೆ ಬರುವ ಬಾಧೆಗಳಲ್ಲಿ ನೋವನ್ನು ಸಹಿಸುವವರು ಅನೇಕರಿರುವರು. ತುರಿಕೆಯನ್ನು ಸಹಿಸುವವರು ವಿರಳ. ನೋವುಂಡವನಿಗೆ ನೆರೆಹೊರೆಯವರು ಕನಿಕರವನ್ನಾದರೂ ತೋರಿಸುವರು. ತುರಿಸಿಕೊಳ್ಳುವವನಿಗೆ ಅದೂ ದೊರೆಯದು. ನಾಲ್ಕು ಜನರ ನಡುವೆ ಕುಳಿತು ಸೊಂಟವನ್ನೋ ಮೊಣಕಾಲಿನ ಹಿಂಬದಿಯನ್ನೋ ಕೆರೆದುಕೊಳ್ಳಬೇಕಾದವನ ಸಂಕಟ ಅವನಿಗೇ ಗೊತ್ತು. ಮಳೆಗಾಲವು ಹಿಂದೆ ಸರಿದು ಹುಲ್ಲೂ ಪೊದೆಗಳೂ ಸೊಂಪಾಗಿ ಬೆಳೆದು ನಿಲ್ಲುವ ಆಶ್ವಯುಜ ಕಾರ್ತೀಕ ಮಾಸಗಳಲ್ಲಿ ಇಂಥ ತುರಿಕೆಯು ಕರೆಯದೆ ಬರುವ ಅತಿಥಿಯಂತೆ ಅನೇಕ ಮನೆಗಳನ್ನು ಹೊಗುವುದುಂಟು. ಹಗಲೆಲ್ಲ ತೋಟದಲ್ಲಿ ಕಳೆ ಕಿತ್ತವರು, ದನ ಮೇಯಿಸಿದವರು, ಸೌದೆಗೆ ಹೋದವರು, ಹುಲ್ಲಿನ ಮೇಲೆ ಉರುಳಾಡಿದ ಮಕ್ಕಳು, ಬೆಟ್ಟ ಹತ್ತಿ ಬಂದ ವಿದ್ಯಾರ್ಥಿಗಳು ರಾತ್ರಿ ಉಂಡು ಮಲಗುವ ಹೊತ್ತಿಗೆ ಉಡಿದಾರದ ಸುತ್ತಲೂ ಕಾಲುಚೀಲದ ಅಂಚಿನಲ್ಲಿಯೂ ಕೆಂಪು ಗುಳ್ಳೆಗಳೆದ್ದು, ಬೆಳಗಾಗುವವರೆಗೂ ನಿದ್ರೆಯಿಲ್ಲದಂತಾಗುವುದು.

ಇಂಥ ಸಮಯದಲ್ಲಿ ಮನೆಯಲ್ಲಿ ಬಗೆಬಗೆಯ ಸಲಹೆಗಳು ಹುಟ್ಟುವುವು. ಸೊಳ್ಳೆ ಕಚ್ಚಿತೆಂದು ಒಬ್ಬರು, ನೀರಿನ ದೋಷವೆಂದು ಇನ್ನೊಬ್ಬರು, ರಕ್ತ ಕೆಟ್ಟಿದೆಯೆಂದು ಮತ್ತೊಬ್ಬರು ಹೇಳುವರು. ಕಾರಣವು ತಿಳಿಯದಿರುವಾಗ ಉಪಚಾರವೂ ದಾರಿ ತಪ್ಪುವುದು ಸಹಜ. ಆದುದರಿಂದ ಈ ತಿಂಗಳು ಹುಲ್ಲಿನಲ್ಲಿರುವ ಒಂದು ಬಗೆಯ ನುಸಿಯ ವಿಚಾರವನ್ನು ವಾಚಕರ ಮುಂದಿಡುತ್ತೇವೆ. ಇದರಲ್ಲಿ ಎರಡು ಮಾತುಗಳನ್ನು ಮುಖ್ಯವಾಗಿ ಹೇಳಬೇಕಾಗಿದೆ. ತುರಿಸುವ ಕಡಿತವು ಎಷ್ಟು ಹಿಂಸೆ ಕೊಟ್ಟರೂ ಸಾಧಾರಣವಾಗಿ ಅಪಾಯಕಾರಿಯಲ್ಲ. ಮನೆಯಲ್ಲಿಯೇ ಸುಲಭವಾಗಿ ಶಮನ ಮಾಡಿಕೊಳ್ಳಬಹುದು. ಆದರೆ ಇದೇ ಕುಲದ ಇನ್ನೊಂದು ನುಸಿಯ ಕಡಿತವು ತುರಿಸುವುದೇ ಇಲ್ಲ, ನೋಯುವುದೂ ಇಲ್ಲ. ಪ್ರಾಣಕ್ಕೆ ಅಪಾಯವಿರುವುದು ಅದರಲ್ಲಿಯೇ. ಈ ಎರಡರ ಭೇದವನ್ನು ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು.

ಈ ಪ್ರಾಣಿ ಯಾವುದು?

ತೆಂಗಿನ ತೋಟವುಳ್ಳವರಿಗೆ ನುಸಿಯೆಂಬ ಹೆಸರು ಹೊಸದಲ್ಲ. ಕಾಯಿಯ ತೊಟ್ಟಿನ ಕೆಳಗೆ ಸೇರಿ ಸಿಪ್ಪೆಯನ್ನು ಕೆಡಿಸುವ ನುಸಿಪೀಡೆಯನ್ನು ಅವರು ಬಲ್ಲರು. ನಾವು ಹೇಳುತ್ತಿರುವ ನುಸಿ ಅದಲ್ಲವಾದರೂ ಅದೇ ದೊಡ್ಡ ವರ್ಗಕ್ಕೆ ಸೇರಿದುದು. ಜೇಡ, ಚೇಳು, ಉಣ್ಣೆಗಳೂ ಇದಕ್ಕೆ ದೂರದ ನೆಂಟರು. ಇಂಗ್ಲಿಷಿನಲ್ಲಿ ಇದರ ಮರಿಗೆ ಚಿಗ್ಗರ್ ಎಂದು ಹೆಸರು. ಕನ್ನಡದಲ್ಲಿ ಎಲ್ಲೆಡೆಯೂ ಬಳಕೆಯಲ್ಲಿರುವ ಒಂದೇ ಹೆಸರು ಇಲ್ಲವಾದುದರಿಂದ ಈ ಲೇಖನದಲ್ಲಿ ಇದನ್ನು ಹುಲ್ಲುನುಸಿಯೆಂದು ಕರೆಯುವೆವು.

ಈ ಪ್ರಾಣಿಯ ಜೀವನಕ್ರಮವು ವಿಚಿತ್ರವಾದುದು. ಬೆಳೆದ ನುಸಿಗೆ ಎಂಟು ಕಾಲುಗಳಿರುವುವು. ಅದು ಮಣ್ಣಿನಲ್ಲಿಯೂ ಕೊಳೆತ ಎಲೆಗಳಲ್ಲಿಯೂ ವಾಸಿಸುತ್ತ ಸಣ್ಣ ಕೀಟಗಳನ್ನೂ ಅವುಗಳ ಮೊಟ್ಟೆಗಳನ್ನೂ ತಿಂದು ಬದುಕುವುದು. ಮನುಷ್ಯರ ಗೊಡವೆಗೆ ಬಾರದು. ಮೊಟ್ಟೆಯೊಡೆದು ಹೊರಬಂದ ಆರು ಕಾಲಿನ ಮರಿಯು ಮಾತ್ರ ಪ್ರಾಣಿಗಳ ಮೈಯನ್ನು ಹತ್ತುವುದು. ಅದರ ಗಾತ್ರವು ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು. ಬಣ್ಣವು ಕೆಂಪು ಅಥವಾ ಕಿತ್ತಳೆ. ಚೆನ್ನಾದ ಕಣ್ಣುಳ್ಳವರಿಗೂ ಅದು ಕುಂಕುಮದ ಒಂದು ಕಣದಂತೆ ಕಂಡರೆ ಕಂಡೀತು, ಇಲ್ಲವಾದರೆ ಇಲ್ಲ. ಇಲಿ, ಹೆಗ್ಗಣ, ಹಕ್ಕಿ, ಓತಿಕ್ಯಾತ ಮೊದಲಾದವುಗಳೇ ಅದರ ನಿಜವಾದ ಆಶ್ರಯ. ಹುಲ್ಲಿನ ಗರಿಯ ತುದಿಯಲ್ಲಿ ಕಾದಿದ್ದು, ಹಾದುಹೋಗುವ ಪ್ರಾಣಿಯನ್ನು ಹತ್ತಿಕೊಳ್ಳುವುದು ಅದರ ಪದ್ಧತಿ. ಮನುಷ್ಯನು ಆ ದಾರಿಯಲ್ಲಿ ಹೋದರೆ ಅವನನ್ನೂ ಬಿಡದು.

ಮೈಮೇಲೆ ಹತ್ತಿದ ಕೂಡಲೆ ಅದು ಕಚ್ಚುವುದಿಲ್ಲ. ಚರ್ಮವು ತೆಳ್ಳಗಿರುವ ಸ್ಥಳವನ್ನೂ ಬಟ್ಟೆಯು ಬಿಗಿಯಾಗಿ ತಡೆದ ಸ್ಥಳವನ್ನೂ ಹುಡುಕುತ್ತ ಮೇಲೇರುವುದು. ಆದುದರಿಂದಲೇ ಕಾಲುಚೀಲದ ಅಂಚು, ಮೊಣಕಾಲಿನ ಹಿಂಬದಿ, ತೊಡೆಸಂದು, ಲಂಗದ ಲಾಡಿಯ ಸುತ್ತು, ಉಡಿದಾರದ ಕೆಳಗು, ಕಂಕುಳು, ಸ್ತನಗಳ ಕೆಳಭಾಗ ಈ ಸ್ಥಳಗಳಲ್ಲಿ ಗುಳ್ಳೆಗಳು ಸಾಲಾಗಿಯೋ ಗುಂಪಾಗಿಯೋ ಏಳುವುವು. ಸೊಳ್ಳೆಯು ಬಟ್ಟೆಯಿಲ್ಲದ ಮೈಯನ್ನು ಹುಡುಕುವುದು. ಹುಲ್ಲುನುಸಿಯು ಬಟ್ಟೆಯ ಅಡಿಯನ್ನು ಹುಡುಕುವುದು. ಈ ಒಂದು ಗುರುತಿನಿಂದಲೇ ಅನೇಕ ಸಲ ಕಾರಣವನ್ನು ನಿರ್ಧರಿಸಬಹುದು.

ತುರಿಕೆಯು ಹುಟ್ಟುವ ಬಗೆ

ನುಸಿಯು ರಕ್ತವನ್ನು ಹೀರುವುದೆಂದು ಬಹಳ ಜನರು ನಂಬಿರುವರು. ಅದು ಸರಿಯಲ್ಲ. ಅದು ತನ್ನ ಸೂಕ್ಷ್ಮವಾದ ದವಡೆಗಳನ್ನು ಚರ್ಮದ ಮೇಲ್ಪದರದಲ್ಲಿ ಊರಿ ಅಲ್ಲಿಗೆ ತನ್ನ ಜೊಲ್ಲನ್ನು ಬಿಡುವುದು. ಆ ಜೊಲ್ಲಿನಲ್ಲಿರುವ ಜೀರ್ಣರಸವು ಚರ್ಮದ ಕಣಗಳನ್ನು ಕರಗಿಸಿ ದ್ರವವನ್ನಾಗಿ ಮಾಡುವುದು. ಸುತ್ತಲಿನ ಚರ್ಮವು ಗಟ್ಟಿಯಾಗಿ ಒಂದು ಸಣ್ಣ ಕೊಳವೆಯಂತಾಗುವುದು. ಆ ಕೊಳವೆಯ ಮೂಲಕ ನುಸಿಯು ತನ್ನ ಆಹಾರವನ್ನು ಹೀರಿಕೊಳ್ಳುವುದು. ಯಾರೂ ತೊಂದರೆಪಡಿಸದಿದ್ದರೆ ಮೂರು ನಾಲ್ಕು ದಿನಗಳವರೆಗೂ ಅಲ್ಲಿಯೇ ಕಚ್ಚಿಕೊಂಡಿದ್ದು, ಹೊಟ್ಟೆ ತುಂಬಿದ ಬಳಿಕ ಕಳಚಿ ನೆಲಕ್ಕೆ ಬಿದ್ದುಹೋಗುವುದು. ಆದರೆ ಮನುಷ್ಯನ ಮೈಮೇಲೆ ಅಷ್ಟು ಕಾಲ ಉಳಿಯುವುದು ಅದಕ್ಕೆ ಸಾಧ್ಯವಾಗುವುದು ಅಪೂರ್ವ. ಬಟ್ಟೆಯ ತಿಕ್ಕಾಟ, ಸ್ನಾನ, ಒಂದು ಸಲದ ಕೆರೆತ ಇಷ್ಟರಿಂದಲೇ ಅದು ಉದುರಿಹೋಗುವುದು.

ತುರಿಕೆಯು ನುಸಿಯ ಜೊಲ್ಲಿಗೆ ನಮ್ಮ ದೇಹವು ತೋರಿಸುವ ಪ್ರತಿಭಟನೆ. ಕಚ್ಚಿದಾಗ ಏನೂ ತಿಳಿಯದು. ಮೂರರಿಂದ ಆರು ಗಂಟೆಗಳ ತರುವಾಯ ತುರಿಕೆಯು ಮೊದಲಾಗಿ, ಒಂದೆರಡು ದಿನಗಳಲ್ಲಿ ಪರಾಕಾಷ್ಠೆಗೆ ಏರಿ, ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತ ಒಂದೆರಡು ವಾರಗಳಲ್ಲಿ ಮಾಯವಾಗುವುದು. ವಾಚಕರು ಈ ಲೆಕ್ಕವನ್ನು ಚೆನ್ನಾಗಿ ಗಮನಿಸಬೇಕು. ತುರಿಕೆಯು ಅತಿಯಾಗುವ ಎರಡನೆಯ ದಿನದಲ್ಲಿ ಕಚ್ಚಿದ ನುಸಿಯು ಬಹುಮಟ್ಟಿಗೆ ಅಲ್ಲಿ ಇರುವುದೇ ಇಲ್ಲ. ಕಳ್ಳನು ಓಡಿಹೋದ ಮೇಲೆ ನಾಯಿ ಬೊಗಳಿದಂತೆ, ದೇಹವು ಇಲ್ಲದ ಶತ್ರುವಿನ ಮೇಲೆ ಗದ್ದಲವೆಬ್ಬಿಸುತ್ತಿರುವುದು. ಆ ಗದ್ದಲವನ್ನು ಸಮಾಧಾನಪಡಿಸುವುದೇ ಉಪಚಾರದ ಗುರಿಯಾಗಿರಬೇಕು. ನುಸಿಯನ್ನು ಕೊಲ್ಲಲು ಆಗ ಮಾಡುವ ಸಾಹಸವೆಲ್ಲ ನಮ್ಮ ಚರ್ಮದ ಮೇಲೆಯೇ ಬೀಳುವುದು.

ಮಾಡಬಾರದ ಉಪಚಾರಗಳು

ನುಸಿಯು ಚರ್ಮದೊಳಗೆ ಹೊಕ್ಕು ಬಿಲ ತೋಡಿಕೊಂಡು ಕುಳಿತಿದೆಯೆಂಬುದು ಅನೇಕ ದೇಶಗಳ ಜನರ ನಂಬಿಕೆ. ಅಮೇರಿಕಾದಲ್ಲಿ ಗುಳ್ಳೆಯ ಮೇಲೆ ಉಗುರುಬಣ್ಣವನ್ನು ಬಳಿದು ಒಳಗಿನ ನುಸಿಯನ್ನು ಉಸಿರುಕಟ್ಟಿಸಿ ಕೊಲ್ಲುವೆವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಈ ಭ್ರಾಂತಿಗೆ ಹೆಸರಿನ ಸಾಮ್ಯವೂ ಒಂದು ಕಾರಣವಾಗಿರಬಹುದು. ದಕ್ಷಿಣ ಅಮೇರಿಕಾದಲ್ಲಿ ಚಿಗೋ ಎಂಬ ಒಂದು ಚಿಗಟವಿದೆ. 1872ರಲ್ಲಿ ಬ್ರೆಜಿಲಿನಿಂದ ಬಂದ ಹಡಗೊಂದರ ಮೂಲಕ ಅದು ಆಫ್ರಿಕಾ ಖಂಡದ ಪಶ್ಚಿಮ ತೀರಕ್ಕೂ ಹಬ್ಬಿತು. ಅದರ ಹೆಣ್ಣು ನಿಜವಾಗಿಯೂ ಕಾಲ್ಬೆರಳಿನ ಚರ್ಮದೊಳಗೆ ಹೊಕ್ಕು ಮೊಟ್ಟೆಯಿಡುವುದು. ಚಿಗೋ ಬೇರೆ, ಚಿಗ್ಗರ್ ಬೇರೆ. ನಮ್ಮ ಹುಲ್ಲುನುಸಿಯು ಚರ್ಮದ ಮೇಲೆಯೇ ನಿಲ್ಲುವುದಲ್ಲದೆ ಒಳಗೆ ಹೋಗುವುದಿಲ್ಲ. ಆದುದರಿಂದ ಸೂಜಿಯಿಂದ ಅಗೆಯುವುದು, ಪಿನ್ನಿನಿಂದ ಚುಚ್ಚುವುದು ನಿರರ್ಥಕ. ಅದರಿಂದ ಆಗುವ ಫಲ ಹುಣ್ಣು ಮಾತ್ರ.

ಸೀಮೆಎಣ್ಣೆಯನ್ನು ಹಚ್ಚುವುದು ನಮ್ಮಲ್ಲಿ ಕೆಲವು ಕಡೆ ರೂಢಿಯಲ್ಲಿದೆ. ಅದು ಚರ್ಮವನ್ನು ಸುಟ್ಟು ಬೊಕ್ಕೆಯೇಳಿಸುವುದು. ದೀಪದ ಬಳಿ ಕುಳಿತವರಿಗೆ ಬೆಂಕಿಯ ಭಯವೂ ಉಂಟು. ಸುಣ್ಣವು ಕೆರೆದು ಸುಲಿದ ಚರ್ಮದ ಮೇಲೆ ಬಿದ್ದರೆ ತುರಿಕೆಯ ಬದಲು ಉರಿಯನ್ನು ಕೊಡುವುದು. ಹೊಗೆಸೊಪ್ಪಿನ ರಸವನ್ನು ಹಚ್ಚಿದರೆ ಅದರ ವಿಷವು ಚರ್ಮದ ಮೂಲಕ ಮೈಗೇರುವುದು. ಮಕ್ಕಳಿಗಂತೂ ಇದು ಸರ್ವಥಾ ವರ್ಜ್ಯ. ಕುದಿಯುವಷ್ಟು ಬಿಸಿಯಾದ ನೀರನ್ನು ಹೊಯ್ದುಕೊಂಡರೆ ಆ ಕ್ಷಣಕ್ಕೆ ಹಾಯೆನಿಸಿದರೂ ಚರ್ಮವು ಬೇಯುವುದು, ಒಣಗುವುದು, ಸ್ವಲ್ಪ ಹೊತ್ತಿನ ಬಳಿಕ ಮತ್ತಷ್ಟು ತುರಿಸುವುದು.

ಕೊಬ್ಬರಿ ಎಣ್ಣೆಗೆ ಕರ್ಪೂರವನ್ನು ಬೆರೆಸಿ ಹಚ್ಚುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಕರ್ಪೂರವು ತಂಪಿನ ಅನುಭವವನ್ನು ಕೊಡುವುದು ನಿಜ. ದೊಡ್ಡವರು ಸುಲಿಯದ ಚರ್ಮದ ಮೇಲೆ ಅಲ್ಪವಾಗಿ ಹಚ್ಚಿಕೊಂಡರೆ ಬಾಧಕವಿಲ್ಲ. ಆದರೆ ಕೂಸುಗಳಿಗೂ ಸಣ್ಣ ಮಕ್ಕಳಿಗೂ ಕರ್ಪೂರವನ್ನು ಹಚ್ಚಲೇಕೂಡದು. ಅದು ಬಾಯಿಗೆ ಸೇರಿದರೆ ಮಕ್ಕಳಿಗೆ ಅಪಸ್ಮಾರದಂಥ ಸೆಳವು ಬರುವುದುಂಟು. ಕರ್ಪೂರದ ಡಬ್ಬಿಯನ್ನು ಮಕ್ಕಳ ಕೈಗೆಟುಕದಂತೆ ಇಡುವುದು ಪ್ರತಿಯೊಬ್ಬ ಗೃಹಿಣಿಯ ಕರ್ತವ್ಯ.

ಮಾಡತಕ್ಕ ಉಪಚಾರ

ಎಲ್ಲಕ್ಕಿಂತ ಮೊದಲನೆಯ ಉಪಚಾರ ಸ್ನಾನ. ಹುಲ್ಲಿನಿಂದ ಮನೆಗೆ ಬಂದ ಕೂಡಲೆ, ತುರಿಕೆಯು ಆರಂಭವಾಗುವುದಕ್ಕೆ ಮುಂಚೆಯೇ, ಸಾಬೂನು ಹಚ್ಚಿ ಒರಟು ಬಟ್ಟೆಯಿಂದ ಮೈಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಎರಡು ಮೂರು ಸಲ ನೊರೆಯೇಳುವಂತೆ ಸಾಬೂನು ಹಚ್ಚಿದರೆ ಉತ್ತಮ. ಸೊಂಟ, ತೊಡೆಸಂದು, ಕಂಕುಳು, ಮೊಣಕಾಲಿನ ಹಿಂಬದಿ ಇವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಕ್ಕಳ ಉಡಿದಾರವನ್ನು ಸರಿಸಿ ಅದರ ಕೆಳಗನ್ನೂ ತೊಳೆಯಬೇಕು. ನುಸಿಯು ಕಚ್ಚಲು ತಕ್ಕ ಸ್ಥಳವನ್ನು ಹುಡುಕುತ್ತಿರುವಾಗಲೇ ಈ ಸ್ನಾನವಾದರೆ ಕಡಿತವೇ ತಪ್ಪುವುದು. ಕಚ್ಚಿದ ಮೇಲಾದರೂ ಜೊಲ್ಲು ಮತ್ತಷ್ಟು ಸೇರದಂತೆ ತಡೆದಂತಾಗುವುದು. ಉಟ್ಟ ಬಟ್ಟೆಗಳನ್ನು ಹಾಸಿಗೆಯ ಮೇಲೆ ಎಸೆಯದೆ ಆಗಲೇ ಬಿಸಿನೀರಿನಲ್ಲಿ ನೆನೆಹಾಕಿ ಒಗೆಯಬೇಕು.

ಗುಳ್ಳೆಗಳು ಎದ್ದ ಬಳಿಕ ತಣ್ಣೀರುಪಟ್ಟಿಗೆ ಸಮನಾದುದು ಬೇರೊಂದಿಲ್ಲ. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಹತ್ತು ನಿಮಿಷಗಳವರೆಗೆ ಗುಳ್ಳೆಗಳ ಮೇಲಿಡಬೇಕು. ಮಂಜುಗಡ್ಡೆ ದೊರೆಯುವವರು ಅದನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಗುಲಿಸಬಾರದು. ತಂಪು ತುರಿಕೆಯ ಅನುಭವವನ್ನು ಮಂಕುಮಾಡುವುದು. ಔಷಧದ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಕ್ಯಾಲಮೈನ್ ಲೇಪವನ್ನು ಸೀಸೆಯನ್ನು ಕುಲುಕಿ ಹತ್ತಿಯಿಂದ ಹಚ್ಚಿ ಒಣಗಲು ಬಿಡಬಹುದು. ಅದೂ ಇಲ್ಲದ ಕಡೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ತೊಳೆದುಬಿಡಬಹುದು. ಸುಲಿದ ಚರ್ಮದ ಮೇಲೆ ಇವು ಯಾವುವನ್ನೂ ಹಚ್ಚಬಾರದು.

ತುರಿಕೆಯು ಇಷ್ಟಕ್ಕೆ ಬಗ್ಗದಿದ್ದರೆ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಮುಲಾಮನ್ನು ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚಿಕೊಳ್ಳಬಹುದು. ಕೆಲವು ದಿನಗಳ ಮಟ್ಟಿಗೆ ಮಾತ್ರ, ವಾರಕ್ಕೆ ಮೀರಬಾರದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂಗಡಿಯವರು ಕೈಗೆತ್ತಿ ಕೊಡುವ, ಮೂರು ನಾಲ್ಕು ಔಷಧಗಳನ್ನು ಬೆರೆಸಿದ, ತೀಕ್ಷ್ಣವಾದ ಸ್ಟೀರಾಯ್ಡ್ ಮುಲಾಮುಗಳು ನಮ್ಮ ದೇಶದಲ್ಲಿ ಬಹಳ ಪ್ರಚಾರದಲ್ಲಿವೆ. ತುರಿಕೆಯು ಕೂಡಲೆ ನಿಲ್ಲುವುದರಿಂದ ಜನರು ಅವುಗಳಿಗೆ ಮರುಳಾಗುವರು. ಆದರೆ ಅವು ತೊಡೆಸಂದಿನ ತೆಳುವಾದ ಚರ್ಮವನ್ನು ಇನ್ನಷ್ಟು ತೆಳುಮಾಡಿ ಗೀರುಗಳನ್ನು ಉಳಿಸುವುವು. ಹುಳುಕಡ್ಡಿಯಿದ್ದರೆ ಅದನ್ನು ಮರೆಮಾಚಿ ಹಬ್ಬಿಸುವುವು. ವೈದ್ಯರ ಮಾತಿಲ್ಲದೆ ಅವನ್ನು ಮುಟ್ಟದಿರುವುದೇ ಕ್ಷೇಮ.

ರಾತ್ರಿಯ ನಿದ್ರೆಗೆ ಭಂಗ ಬರುವವರು ಸೆಟಿರಿಜಿನ್ ಮೊದಲಾದ ತುರಿಕೆನಿವಾರಕ ಮಾತ್ರೆಯನ್ನು ವೈದ್ಯರನ್ನಾಗಲಿ ಔಷಧಜ್ಞರನ್ನಾಗಲಿ ಕೇಳಿ ಸೇವಿಸಬಹುದು. ಇದರಿಂದ ಕೆಲವರಿಗೆ ತೂಕಡಿಕೆ ಬರುವುದರಿಂದ ಮಾತ್ರೆ ನುಂಗಿ ವಾಹನವನ್ನು ನಡೆಸಬಾರದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು.

ಕೆರೆದುಕೊಳ್ಳಬೇಡಿರೆಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆದರೂ ಈ ಬಾಧೆಯಲ್ಲಿ ಕೆಡುಕಾಗುವುದು ಬಹುತೇಕ ಉಗುರಿನಿಂದಲೇ. ಮಕ್ಕಳ ಉಗುರುಗಳನ್ನು ಮೊದಲೇ ಕತ್ತರಿಸಿಬಿಡಬೇಕು. ಮಲಗುವಾಗ ಸಡಿಲವಾದ ಹತ್ತಿಯ ಬಟ್ಟೆಯನ್ನು ತೊಡಿಸಬೇಕು. ಸೆಕೆಯಿಂದ ತುರಿಕೆಯು ಹೆಚ್ಚುವುದರಿಂದ ಗಾಳಿಯಾಡುವ ಕಡೆ ಮಲಗಿಸಬೇಕು. ಕೆರೆಯುವ ಕೈ ತಡೆಯದಿದ್ದಾಗ ಗುಳ್ಳೆಯ ಸುತ್ತಲಿನ ಚರ್ಮವನ್ನು ಅಂಗೈಯಿಂದ ಒತ್ತಿ ಹಿಡಿಯುವುದನ್ನು ಕಲಿಸಿದರೆ ಮಕ್ಕಳು ಬೇಗನೆ ಕಲಿಯುವರು. ನೀರು ತುಂಬಿದ ಗುಳ್ಳೆಯನ್ನು ಒಡೆಯಬಾರದು.

ಗುಳ್ಳೆಯ ಸುತ್ತಲಿನ ಕೆಂಪು ದಿನದಿನಕ್ಕೂ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ, ಕೀವು ಕಾಣಿಸಿದರೆ, ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಅದು ಬರಿಯ ತುರಿಕೆಯಾಗಿ ಉಳಿದಿಲ್ಲವೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಮಧುಮೇಹವುಳ್ಳವರು ಕಾಲಿನ ಮೇಲಿನ ಸಣ್ಣ ಗಾಯವನ್ನೂ ಅಲಕ್ಷ್ಯ ಮಾಡಬಾರದು. ಗಂಡುಮಕ್ಕಳಿಗೆ ಗುಹ್ಯಾಂಗದ ಬಳಿ ನುಸಿ ಕಚ್ಚಿದಾಗ ಅದು ಹಠಾತ್ತನೆ ಊದಿಕೊಂಡು ತಾಯಂದಿರಿಗೆ ಗಾಬರಿಯುಂಟಾಗುವ ಸಂಭವವಿದೆ. ಸಾಮಾನ್ಯವಾಗಿ ತಂಪಿನಿಂದಲೂ ವೈದ್ಯರು ಕೊಡುವ ಔಷಧದಿಂದಲೂ ಅದು ಇಳಿಯುವುದು. ಆದರೆ ಮಗುವು ಮೂತ್ರ ಮಾಡಲು ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾರಿಗಾದರೂ ತುಟಿ, ನಾಲಗೆಗಳು ಊದಿ ಉಸಿರಾಟಕ್ಕೆ ತೊಂದರೆಯಾದರೆ ಅದು ಕಡಿತದ ಉಗ್ರವಾದ ಪ್ರತಿಕ್ರಿಯೆ; ಒಂದು ನಿಮಿಷವನ್ನೂ ಕಳೆಯದೆ ವೈದ್ಯರನ್ನು ಕಾಣತಕ್ಕದ್ದು.

ನೆಂಟರನ್ನು ಗುರುತಿಸುವುದು

ತುರಿಸುವುದೆಲ್ಲ ಹುಲ್ಲುನುಸಿಯಲ್ಲ. ಕಜ್ಜಿಯೂ ಒಂದು ನುಸಿಯಿಂದಲೇ ಬರುವುದು. ಆದರೆ ಆ ನುಸಿಯು ನಿಜವಾಗಿಯೂ ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದು, ಒಬ್ಬರಿಂದೊಬ್ಬರಿಗೆ ಅಂಟುವುದು. ಬೆರಳುಗಳ ಸಂದಿನಲ್ಲಿಯೂ ಮಣಿಕಟ್ಟಿನಲ್ಲಿಯೂ ತುರಿಕೆಯಿದ್ದು, ರಾತ್ರಿ ಹೆಚ್ಚಾಗಿ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಾಗಿ ಬಂದು ವಾರಗಟ್ಟಲೆ ಹೋಗದಿದ್ದರೆ ಕಜ್ಜಿಯೆಂದು ಶಂಕಿಸಬೇಕು. ಅದಕ್ಕೆ ಮನೆಮಂದಿಯೆಲ್ಲರೂ ಒಂದೇ ಕಾಲದಲ್ಲಿ ಚಿಕಿತ್ಸೆಯನ್ನು ಪಡೆಯಬೇಕು. ಹುಲ್ಲುನುಸಿಯ ಕಡಿತವಾದರೋ ಯಾರಿಂದ ಯಾರಿಗೂ ಅಂಟುವುದಿಲ್ಲ. ಕಚ್ಚಿಸಿಕೊಂಡ ಮಗುವನ್ನು ಬೇರೆ ಮಲಗಿಸಬೇಕಾಗಿಲ್ಲ, ಹಾಸಿಗೆಯನ್ನು ಸುಡಬೇಕಾಗಿಲ್ಲ.

ಉಣ್ಣೆ ಅಥವಾ ಉಣುಗು ಇನ್ನೊಂದು ನೆಂಟ. ಅದು ನುಸಿಗಿಂತ ದೊಡ್ಡದು, ರಕ್ತವನ್ನು ಹೀರುವುದು, ಕಚ್ಚಿಕೊಂಡೇ ಇರುವುದು ಕಣ್ಣಿಗೆ ಕಾಣುವುದು. ಅದನ್ನು ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆದು ತೆಗೆಯಬೇಕು, ಬೆರಳಿನಿಂದ ಹಿಸುಕಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುವುದೆಂಬುದು ಮಲೆನಾಡಿನವರಿಗೆ ತಿಳಿದೇ ಇದೆ. ಅದರ ಕಾಲವು ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದರೆ ಆ ಕಡೆ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸುವುದು ಎಲ್ಲರ ಹೊಣೆ.

ತುರಿಸದ ಕಡಿತ

ಈಗ ಮೊದಲು ಹೇಳಿದ ಎರಡನೆಯ ಮಾತಿಗೆ ಬರೋಣ. ಹುಲ್ಲುನುಸಿಯ ಕುಲದಲ್ಲಿ ಕೆಲವು ಜಾತಿಗಳ ಮರಿಗಳು ಒಂದು ಸೂಕ್ಷ್ಮ ರೋಗಾಣುವನ್ನು ತಾಯಿಯಿಂದಲೇ ಪಡೆದು ಬಂದಿರುವುವು. ಅವು ಮನುಷ್ಯನನ್ನು ಕಚ್ಚಿದಾಗ ಆ ರೋಗಾಣುವು ದೇಹವನ್ನು ಸೇರಿ ಸ್ಕ್ರಬ್ ಟೈಫಸ್ ಎಂಬ ಜ್ವರವನ್ನು ಉಂಟುಮಾಡುವುದು. ಸ್ಕ್ರಬ್ ಎಂದರೆ ಕುರುಚಲು ಪೊದೆ. ರೋಗಾಣುವಿನ ಹೆಸರಿನಲ್ಲಿ ತ್ಸುತ್ಸುಗಾಮುಶಿ ಎಂಬ ಜಪಾನೀ ಪದವಿದೆ. ಮುಶಿ ಎಂದರೆ ಹುಳು. ಜಪಾನಿನ ನದಿತೀರದ ರೈತರು ಈ ಜ್ವರಕ್ಕೂ ಹುಳುವಿಗೂ ಇರುವ ಸಂಬಂಧವನ್ನು ಬಹಳ ಹಿಂದೆಯೇ ಊಹಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಮತ್ತು ಅಸ್ಸಾಮಿನ ಗಡಿಗಳಲ್ಲಿ ಕಾದಾಡಿದ ಸೈನಿಕರಲ್ಲಿ ಬಹು ಮಂದಿ ಇದಕ್ಕೆ ತುತ್ತಾದರು. ಆಗ ಇದಕ್ಕೆ ಔಷಧವಿರಲಿಲ್ಲ. 1948ರಲ್ಲಿ ಮಲಯದ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ಗುಣ ಕಂಡಂದಿನಿಂದ ಇದು ವಾಸಿಯಾಗುವ ರೋಗವಾಯಿತು.

ಈ ನುಸಿ ಕಚ್ಚಿದ ಜಾಗವು ಸಾಮಾನ್ಯವಾಗಿ ತುರಿಸುವುದಿಲ್ಲ. ಕೆಲವು ದಿನಗಳಲ್ಲಿ ಅಲ್ಲಿ ಒಂದು ಸಣ್ಣ ಹುಣ್ಣಾಗಿ, ನಡುವೆ ಕಪ್ಪು ಹಕ್ಕಳೆ ಕಟ್ಟಿ, ಸುತ್ತಲೂ ಕೆಂಪು ಅಂಚು ಮೂಡುವುದು. ಬೀಡಿಯ ತುದಿಯಿಂದ ಸುಟ್ಟ ಗಾಯದಂತೆ ಅದು ಕಾಣುವುದು. ನೋವಿಲ್ಲ, ತುರಿಕೆಯಿಲ್ಲ, ಇರುವುದು ಕಂಕುಳು, ತೊಡೆಸಂದು, ಸೊಂಟ, ಸ್ತನಗಳ ಕೆಳಗು ಇಂಥ ಮರೆಯ ಜಾಗಗಳಲ್ಲಿ. ಆದುದರಿಂದ ರೋಗಿಗೇ ಅದರ ಅರಿವಿರುವುದಿಲ್ಲ. ವೈದ್ಯರಿಗೆ ತೋರಿಸಲು ನಾಚಿಕೆಯೂ ಅಡ್ಡಬರುವುದು. ಕೆಲವರಲ್ಲಿ ಈ ಗುರುತು ಮೂಡುವುದೂ ಇಲ್ಲ.

ಕಡಿತವಾಗಿ 6ರಿಂದ 21 ದಿನಗಳೊಳಗೆ ಜ್ವರವು ತೀವ್ರವಾಗಿ ಬರುವುದು. ತಲೆನೋವು, ಮೈಕೈನೋವು, ಕಂಕುಳಲ್ಲಿಯೋ ತೊಡೆಸಂದಿನಲ್ಲಿಯೋ ಗಂಟು, ಕೆಮ್ಮು, ಕೆಲವರಿಗೆ ಮೈಮೇಲೆ ದದ್ದು ಇವು ಕಾಣಿಸಿಕೊಳ್ಳುವುವು. ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳು ಇಳಿಯುವುದರಿಂದ ಡೆಂಗ್ಯೂ ಎಂದು ತಿಳಿದು ಕಾಯುತ್ತ ಕುಳಿತುಬಿಡುವ ಭಯವುಂಟು. ಹಾಗೆ ಕಾಯುವ ದಿನಗಳಲ್ಲಿ ರೋಗವು ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಮೆದುಳುಗಳನ್ನು ಆಕ್ರಮಿಸಿ ಪ್ರಾಣಕ್ಕೆ ಸಂಚಕಾರ ತರುವುದು. ಇಲ್ಲಿ ಸಮಾಧಾನದ ವಿಷಯವೇನೆಂದರೆ, ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಸುಲಭ ಬೆಲೆಯ ಔಷಧವಿದೆ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುವರು. ಸಕಾಲದಲ್ಲಿ ಆರಂಭಿಸಿದರೆ ಸಾಮಾನ್ಯವಾಗಿ ಎರಡು ದಿನಗಳೊಳಗೆ ಜ್ವರವು ಇಳಿಯುವುದು. ಆದರೆ ಪೆನಿಸಿಲಿನ್ ಜಾತಿಯ ಔಷಧಗಳು ಈ ರೋಗಾಣುವಿನ ಮೇಲೆ ನಡೆಯುವುದಿಲ್ಲ. ಆದುದರಿಂದ ಜ್ವರಕ್ಕೆಂದು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುತ್ತ ದಿನ ಕಳೆಯುವುದು ಮಹಾ ಅವಿವೇಕ. ಇದಕ್ಕೆ ಇನ್ನೂ ಲಸಿಕೆಯಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದೂ ಇಲ್ಲ.

ಆದಕಾರಣ ಒಂದು ಸಣ್ಣ ನಿಯಮವನ್ನು ಸೂಚಿಸುತ್ತೇವೆ. ಮನೆಯವರಲ್ಲಿ ಯಾರಾದರೂ ಪೊದೆ, ಹುಲ್ಲು, ಕಾಡುಗಳಲ್ಲಿ ಓಡಾಡಿ ಬಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿಡಿರಿ. ಅಲ್ಲಿಂದ ಮೂರು ವಾರಗಳೊಳಗೆ ಅವರಿಗೆ ಜ್ವರ ಬಂದರೆ ಮೈಯ ಮರೆಯ ಜಾಗಗಳನ್ನು ಬೆಳಕಿನಲ್ಲಿ ನೋಡಿರಿ. ಮಕ್ಕಳನ್ನು ತಾಯಿಯೂ, ದೊಡ್ಡವರನ್ನು ಸಲಿಗೆಯುಳ್ಳ ಹತ್ತಿರದವರೂ ನೋಡಬಹುದು. ಕಪ್ಪು ಹಕ್ಕಳೆ ಕಂಡರೂ ಸರಿ, ಕಾಣದಿದ್ದರೂ ಸರಿ, ವೈದ್ಯರ ಬಳಿಗೆ ಹೋಗಿ, ಇಂಥ ದಿನ ಇಂಥ ಕಡೆ ಹುಲ್ಲಿನಲ್ಲಿ ಓಡಾಡಿದ್ದುಂಟೆಂದು ಅವರು ಕೇಳುವ ಮುಂಚೆಯೇ ಹೇಳಿರಿ. ಈ ಒಂದು ವಾಕ್ಯವು ಕೆಲವು ಸಲ ಹತ್ತು ಪರೀಕ್ಷೆಗಳಿಗಿಂತ ಹೆಚ್ಚು ಉಪಕಾರ ಮಾಡುವುದು.

ಬಾರದಂತೆ ತಡೆಯುವುದು

ಹೊಲ ತೋಟಗಳ ಕೆಲಸವನ್ನು ಬಿಡುವಂತಿಲ್ಲ. ಮಕ್ಕಳು ಹುಲ್ಲಿನ ಮೇಲೆ ಆಡುವುದನ್ನು ತಡೆಯುವುದೂ ನ್ಯಾಯವಲ್ಲ. ಆದರೆ ಸ್ವಲ್ಪ ಜಾಗರೂಕತೆಯಿಂದ ಕಡಿತವನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಪೊದೆಗಳ ನಡುವೆ ಹೋಗುವವರು ಉದ್ದ ತೋಳಿನ ಅಂಗಿಯನ್ನೂ ಕಾಲು ಮುಚ್ಚುವ ಷರಾಯಿಯನ್ನೂ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಬೇಕು. ನೇಯ್ಗೆ ಒತ್ತಾದ ಬಟ್ಟೆಯು ಲೇಸು. ಡೀಟ್ ಎಂಬ ದ್ರವ್ಯವಿರುವ ಕೀಟನಿರೋಧಕವನ್ನು ಕಾಲುಗಳಿಗೂ ಬಟ್ಟೆಯ ಅಂಚುಗಳಿಗೂ ಹಚ್ಚಿಕೊಂಡರೆ ನುಸಿಯು ದೂರವಿರುವುದು. ಎರಡು ತಿಂಗಳೊಳಗಿನ ಕೂಸಿಗೆ ಅದನ್ನು ಹಚ್ಚಬಾರದು. ದೊಡ್ಡ ಮಕ್ಕಳಿಗೂ ಅಂಗೈಗೆ, ಕಣ್ಣು ಬಾಯಿಗಳ ಬಳಿಗೆ ತಾಗಿಸಬಾರದು. ಪರ್ಮೆಥ್ರಿನ್ ಎಂಬ ಇನ್ನೊಂದು ಔಷಧವನ್ನು ಬಟ್ಟೆಗಳಿಗೆ ಸಿಂಪಡಿಸುವುದುಂಟು. ಈ ಸಿಂಪಡಣೆಯು ಬಟ್ಟೆಗೆ ಮಾತ್ರ, ಮೈಗಲ್ಲ.

ಬಯಲಿನಲ್ಲಿ ಬರಿ ಹುಲ್ಲಿನ ಮೇಲೆ ಕುಳಿತುಕೊಳ್ಳದೆ ಚಾಪೆಯನ್ನೋ ಜಮಖಾನವನ್ನೋ ಹಾಸಬೇಕು. ಮನೆಗೆ ತರುವ ಮೊದಲು ಅದನ್ನು ಕೊಡವಿ ಬಿಸಿಲಿಗೆ ಹಾಕಬೇಕು. ಒಗೆದ ಬಟ್ಟೆಗಳನ್ನು ಬೇಲಿಯ ಮೇಲೂ ಪೊದೆಯ ಮೇಲೂ ಹುಲ್ಲಿನ ಮೇಲೂ ಹರವುವ ಅಭ್ಯಾಸವು ನಮ್ಮ ಹಳ್ಳಿಗಳಲ್ಲಿ ಬಹಳ ಇದೆ. ಇದು ನುಸಿಗೆ ನಾವೇ ಏಣಿ ಹಾಕಿ ಕೊಟ್ಟಂತೆ. ಹಗ್ಗ ಕಟ್ಟಿ ಒಣಗಿಸುವುದು ಉತ್ತಮ. ಮನೆಯ ಸುತ್ತಲಿನ ಕಳೆ ಪೊದೆಗಳನ್ನು ಸವರಿ, ಕಸದ ರಾಶಿಯನ್ನೂ ಹಿತ್ತಿಲ ಗೋಡೆಗೆ ತಗುಲಿ ಬಿದ್ದ ಹಳೆಯ ಸೌದೆಯನ್ನೂ ತೆಗೆದರೆ ಇಲಿಗಳಿಗೆ ನೆಲೆ ತಪ್ಪುವುದು. ಇಲಿಯಿರುವಲ್ಲಿ ನುಸಿಗೆ ಅನ್ನ. ಇಲಿ ಹೋದರೆ ನುಸಿಯೂ ವಿರಳವಾಗುವುದು. ಮನೆಯೊಳಗೆ ವಿಷವನ್ನು ಸಿಂಪಡಿಸುವ ಅವಶ್ಯಕತೆಯಿಲ್ಲ. ಈ ನುಸಿಯ ಬೀಡು ಮಣ್ಣಿನಲ್ಲಿ, ಹಾಸಿಗೆಯಲ್ಲಲ್ಲ.

ಮನೆಯ ಔಷಧದ ಪೆಟ್ಟಿಗೆಯಲ್ಲಿ ಒಂದು ಸೀಸೆ ಕ್ಯಾಲಮೈನ್, ಶುಭ್ರವಾದ ಬಟ್ಟೆಯ ತುಂಡುಗಳು, ಉಗುರು ಕತ್ತರಿ, ಸಣ್ಣ ಚಿಮುಟ, ಜ್ವರವನ್ನು ಅಳೆಯುವ ಥರ್ಮಾಮೀಟರು ಇಷ್ಟಿದ್ದರೆ ಈ ಬಾಧೆಗೆ ಬೇಕಾದ ಸಾಮಗ್ರಿಯೆಲ್ಲ ಇದ್ದಂತೆಯೇ. ತುರಿಸುವ ಗುಳ್ಳೆಗೆ ತಂಪೂ ತಾಳ್ಮೆಯೂ ಸಾಕು. ತುರಿಸದ ಕಪ್ಪು ಹಕ್ಕಳೆಗೆ, ಅದರ ಹಿಂದೆಯೇ ಬರುವ ಜ್ವರಕ್ಕೆ, ತಾಳ್ಮೆಯು ಸಲ್ಲದು. ಅಂದೇ ವೈದ್ಯರ ಮನೆಯ ದಾರಿಯನ್ನು ಹಿಡಿಯಬೇಕು. ಓದುಬರಹವಿಲ್ಲದ ನೆರೆಯವರಿಗೂ, ತೋಟದಲ್ಲಿ ದುಡಿಯುವ ಆಳುಕಾಳುಗಳಿಗೂ ವಾಚಕರು ಈ ಭೇದವನ್ನು ತಿಳಿಯಹೇಳುವರೆಂದು ನಂಬಿರುತ್ತೇವೆ. ಹುಲ್ಲಿನಲ್ಲಿ ಹೆಚ್ಚು ಹೊತ್ತು ಇರತಕ್ಕವರು ಅವರೇ ಅಲ್ಲವೆ?